ಒಂದು ದಿನದ ಕ್ರೀಡಾಋತು

ಶಿರಸಿಯಿಂದ ಹುಬ್ಬಳ್ಳಿಯ ದಿಕ್ಕಿಗೆ ಹೊರಟವನಿಗೆ, ದಟ್ಟವಾದ ಅಡವಿಯೂ ಅಡಿಕೆಯ ತೋಟಗಳೂ ಕ್ರಮೇಣ ಹಿಂದೆ ಸರಿದು, ಬತ್ತದ ಗದ್ದೆಗಳು ಅಗಲವಾಗುತ್ತ ಬಂದು, ಮಲೆನಾಡು ಬಯಲುಸೀಮೆಗೆ ಇಳಿಯಲು ಸಿದ್ಧವಾಗುತ್ತಿರುವಂತೆ ತೋರುವ ಎಡೆಯಲ್ಲಿ ಎಕ್ಕಂಬಿ ಎಂಬ ಗ್ರಾಮವು ಎದುರಾಗುತ್ತದೆ. ಈ ಸೀಮೆಯ ಪ್ರೌಢಶಾಲೆಯಲ್ಲಿ ಓದುವ ಒಬ್ಬ ಹುಡುಗನು ವರ್ಷವೊಂದರಲ್ಲಿ ಎಷ್ಟು ಪಂದ್ಯಾವಳಿಗಳಲ್ಲಿ ಆಡುತ್ತಾನೆ ಎಂದು ಕೇಳಿದರೆ, ಕಾಗದದ ಮೇಲಣ ಉತ್ತರವು ಬಹು ಸುಲಭ: ಹೋಬಳಿ ಅಥವಾ ವಲಯ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ, ರಾಷ್ಟ್ರ, ಹೀಗೆ ಆರು. ಮೈದಾನದ ಅಂಚಿನಲ್ಲಿ ನಿಂತು ನೋಡಿದವನ ಉತ್ತರ ಬೇರೆ. ಬಹುತೇಕ ಹುಡುಗರ ಪಾಲಿಗೆ ಪಂದ್ಯಾವಳಿಯೆಂಬುದು ಒಂದೇ. ಅದೂ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮುಗಿದುಹೋಗುವಂಥದು. ಆರಕ್ಕೂ ಒಂದಕ್ಕೂ ನಡುವಣ ಈ ಅಂತರವು ಯಾರೋ ಒಬ್ಬ ಅಧಿಕಾರಿಯ ಔದಾಸೀನ್ಯದಿಂದ ಹುಟ್ಟಿದುದಲ್ಲ. ಮಳೆ, ಮಾರ್ಗ, ಬೆಳೆ, ಪರೀಕ್ಷೆ, ಆಡಳಿತಗಳೆಲ್ಲ ಸೇರಿ ಮುಕ್ಕಾಲು ಶತಮಾನದ ಅವಧಿಯಲ್ಲಿ ಅದನ್ನು ನಿರ್ಮಿಸಿವೆ.

ಈ ಸೀಮೆಯನ್ನೊಳಗೊಂಡ ಕನ್ನಡ ಜಿಲ್ಲೆಯ ಉತ್ತರಭಾಗವು 1862ರಲ್ಲಿ ಮದರಾಸಿನಿಂದ ಬೇರ್ಪಟ್ಟು ಮುಂಬಯಿ ಇಲಾಖೆಗೆ ಸೇರಿತೆಂಬುದು ವಿದಿತವೇ ಆಗಿದೆ. ಈ ವರ್ಗಾವಣೆಯ ಫಲವು ನ್ಯಾಯಾಲಯಗಳಲ್ಲಿಯೂ ಕಂದಾಯದ ದಫ್ತರುಗಳಲ್ಲಿಯೂ ಕಂಡಷ್ಟೇ ಸ್ಪಷ್ಟವಾಗಿ ಶಾಲೆಗಳ ಅಂಗಳದಲ್ಲಿಯೂ ಕಂಡಿತು. ಮೈಸೂರು ಸಂಸ್ಥಾನದ ಬಾಲಕರ ಆಟಗಳಿಗೆ ಬೆಂಗಳೂರು, ಮೈಸೂರುಗಳೇ ಮಾದರಿಯಾಗಿದ್ದರೆ, ಘಟ್ಟದ ಮೇಲಣ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೆ ಮಾದರಿಯು ಪುಣೆಯಿಂದಲೂ ಮುಂಬಯಿಯಿಂದಲೂ ಬಂದಿತು. ಪುಣೆಯ ಡೆಕ್ಕನ್ ಜಿಮಖಾನಾದವರು 1914ರಲ್ಲಿ ಖೋ-ಖೋ ಆಟಕ್ಕೆ ನಿಯಮಗಳನ್ನು ರೂಪಿಸಿದರು. ಹುತುತು ಎಂದು ಇಲ್ಲಿಯ ಹಿರಿಯರು ಕರೆಯುತ್ತಿದ್ದ ಕಬಡ್ಡಿಯಾಟವೂ ಆ ಕಡೆಯ ವ್ಯಾಯಾಮ ಮಂಡಳಿಗಳಲ್ಲಿಯೇ ಗೆರೆ, ಅಂಕಣ, ಅಂಕಗಳ ಕಟ್ಟುಪಾಡಿಗೆ ಒಳಗಾಯಿತು. ಮುಂಬಯಿ ಸರಕಾರವು 1938ರಲ್ಲಿ ಕಾಂದಿವಲಿಯಲ್ಲಿ ದೈಹಿಕ ಶಿಕ್ಷಣದ ತರಬೇತಿ ಸಂಸ್ಥೆಯನ್ನು ತೆರೆಯಿತು. ಶಾಲೆಯ ಆಟೋಟಗಳ ವಿಭಾಗಕ್ಕೆ ‘ಜಿಮಖಾನಾ’ ಎನ್ನುವ ರೂಢಿಯು ಧಾರವಾಡ, ಕಾರವಾರಗಳ ಕಡೆ ಇಂದಿಗೂ ಅಳಿದಿಲ್ಲ.

ಆದರೆ ಆ ಕಾಲದಲ್ಲಿ ಪಂದ್ಯಾವಳಿ ನಡೆಯಬೇಕಾದರೆ ಮೊದಲು ಶಾಲೆಗಳಿರಬೇಕಷ್ಟೆ! ಪ್ರೌಢಶಾಲೆಯೆಂಬುದು ಪಟ್ಟಣದ ವಸ್ತುವಾಗಿತ್ತು. ಘಟ್ಟದ ಕೆಳಗೆ ಕುಮಟೆಯ ಗಿಬ್ ಹೈಸ್ಕೂಲು, ಕಾರವಾರದ ಹಿಂದೂ ಹೈಸ್ಕೂಲುಗಳಂತೆ ಎಣಿಕೆಗೆ ಸಿಕ್ಕುವ ಕೆಲವಿದ್ದರೆ, ಮೇಲೆ ಶಿರಸಿಯೊಂದೇ ಹಲವು ತಾಲೂಕುಗಳ ಬಾಲಕರಿಗೆ ಆಸರೆಯಾಗಿತ್ತು. ಎಕ್ಕಂಬಿಯ ಕಡೆಯ ಬಾಲಕನು ಪ್ರಾಥಮಿಕ ಶಿಕ್ಷಣದ ಕೊನೆಯ ಮುಲ್ಕಿ ಪರೀಕ್ಷೆಯ ಮಟ್ಟವನ್ನು ದಾಟಿ ಮುಂದಕ್ಕೆ ಓದಬೇಕೆಂದರೆ ಪಟ್ಟಣದಲ್ಲಿ ನಂಟರ ಮನೆಯ ಜಗುಲಿಯನ್ನೋ ವಾರಾನ್ನವನ್ನೋ ಆಶ್ರಯಿಸಬೇಕಾಗಿತ್ತು. ಎದುರಾಳಿಯಾಗಬಲ್ಲ ಶಾಲೆಯು ಘಟ್ಟದ ಬುಡದಲ್ಲಿ, ಒಂದು ಹಗಲಿನ ಪಯಣದ ದೂರದಲ್ಲಿದ್ದಾಗ, ವಾರಕ್ಕೊಮ್ಮೆ ಒಂದು ಶಾಲೆಯು ಮತ್ತೊಂದರ ಅಂಗಳಕ್ಕೆ ಹೋಗಿ ಆಡಿ ಬರುವ ಪದ್ಧತಿಯು ಬೇರೂರುವುದೆಂತು? ಹೀಗಾಗಿ ಆಟವು ಶಾಲೆಯ ಒಳಗೇ ಉಳಿಯಿತು. ವರ್ಷಕ್ಕೊಮ್ಮೆ ನಡೆಯುವ ಕೂಟದ ದಿನವೊಂದೇ ಅದರ ಶಿಖರವಾಯಿತು. ಮುಂದೆ ಶಾಲೆಗಳು ಹೆಚ್ಚಿ, ರಸ್ತೆಗಳು ಸುಧಾರಿಸಿ, ಬಸ್ಸುಗಳು ಓಡಿದ ಮೇಲೂ ‘ಕೂಟದ ದಿನ’ವೆಂಬ ಈ ಕಲ್ಪನೆಯು ಹೋಗಲಿಲ್ಲವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಸ್ವಾತಂತ್ರ್ಯಾನಂತರದ ಎರಡು ದಶಕಗಳಲ್ಲಿ ಚಿತ್ರವು ಬದಲಾಯಿತು. ಚುಟುಕಗಳ ಕವಿಯೆಂದು ನಾಡಿಗೆಲ್ಲ ಪರಿಚಿತರಾದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಜಿಲ್ಲೆಯ ಹಳ್ಳಿಗಳಿಗೆ ಪ್ರೌಢಶಾಲೆಗಳನ್ನು ಒಯ್ದರು. ಊರೂರಿನ ಶಿಕ್ಷಣ ಸಮಿತಿಗಳೂ ಇದೇ ಹಾದಿಯನ್ನು ಹಿಡಿದವು. ಸರಕಾರವೂ ಹಿಂದೆ ಬೀಳಲಿಲ್ಲ. 1954ರಲ್ಲಿ ಭಾರತೀಯ ಶಾಲಾ ಕ್ರೀಡಾ ಒಕ್ಕೂಟವು ಸ್ಥಾಪನೆಗೊಂಡು, ರಾಷ್ಟ್ರಮಟ್ಟದಲ್ಲಿ ಶಾಲಾಬಾಲಕರ ಪಂದ್ಯಗಳಿಗೆ ಒಂದು ನೆಲೆ ದೊರೆಯಿತು. ಎರಡು ವರ್ಷಗಳ ತರುವಾಯ, 1956ರ ನವೆಂಬರ 1ರಂದು, ಜಿಲ್ಲೆಯು ಮುಂಬಯಿಯ ಕೈಬಿಟ್ಟು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿ ಬೆಳಗಾವಿ ವಿಭಾಗದ ಅಂಗವಾಯಿತು. ಹೋಬಳಿಯೆಂಬ ಹಳೆಯ ಮೈಸೂರಿನ ಕಂದಾಯ ಘಟಕವು ಈ ಸೀಮೆಗೂ ಬಂದಿತು. ನೋಡನೋಡುತ್ತ ಆಡಳಿತದ ಪ್ರತಿಯೊಂದು ಅಂತಸ್ತಿಗೂ ಒಂದೊಂದು ಕ್ರೀಡಾಕೂಟವು ಅಂಟಿಕೊಂಡಿತು. ಪಂದ್ಯಾವಳಿಗಳ ಸಂಖ್ಯೆಯನ್ನು ನಿಶ್ಚಯಿಸಿದುದು ಆಟದ ಅವಶ್ಯಕತೆಯಲ್ಲ, ಕಂದಾಯದ ನಕಾಶೆ. ತಹಶೀಲದಾರನ ಕಚೇರಿಯಿಂದ ವಿಭಾಗಾಧಿಕಾರಿಯ ಕಚೇರಿಯವರೆಗೆ ಅರ್ಜಿಯು ಹತ್ತುವ ಮೆಟ್ಟಿಲುಗಳನ್ನೇ ಹುಡುಗನೂ ಹತ್ತತಕ್ಕದ್ದೆಂದಾಯಿತು.

ಇಲ್ಲಿ ಬುಟ್ಟಿಚೆಂಡಿನಾಟದ, ಎಂದರೆ ಬಾಸ್ಕೆಟ್‌ಬಾಲಿನ, ಪ್ರಸ್ತಾಪವು ಅಗತ್ಯ. ಶಾಲೆಯ ಆಟವಾಗಿಯೇ ಹುಟ್ಟಿ, ಶಾಲೆಗಳ ಪಂದ್ಯಾವಳಿಗಳಿಂದಲೇ ಬೆಳೆದ ಕ್ರೀಡೆಗಳಲ್ಲಿ ಅದು ಅಗ್ರಗಣ್ಯವಾದುದು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೇಸ್ಮಿತ್ ಎಂಬ ಅಧ್ಯಾಪಕನು, ಹಿಮಪಾತದ ದಿನಗಳಲ್ಲಿ ಹೊರಗೆ ಹೋಗಲಾರದ ವಿದ್ಯಾರ್ಥಿಗಳಿಗಾಗಿ, ಎರಡು ಹಣ್ಣಿನ ಬುಟ್ಟಿಗಳನ್ನು ವ್ಯಾಯಾಮಶಾಲೆಯ ಉಪ್ಪರಿಗೆಯ ಕಟಾಂಜನಕ್ಕೆ ಬಡಿದು ಹದಿಮೂರು ನಿಯಮಗಳೊಡನೆ ಈ ಆಟವನ್ನು ರಚಿಸಿದನು. ಅದೇ ವೈ.ಎಂ.ಸಿ.ಎ. ಪರಂಪರೆಯು 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬಾತನ ಮುಖಾಂತರ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜನ್ನು ತೆರೆಯಿತು. ದಕ್ಷಿಣದ ನಗರಗಳಿಗೆ ಬುಟ್ಟಿಚೆಂಡು ಹಬ್ಬಲು ಅದು ಮುಖ್ಯ ದ್ವಾರವಾಯಿತು. ಬೆಂಗಳೂರು, ಮೈಸೂರು, ಮಂಡ್ಯಗಳಲ್ಲಿ ಆಟವು ಬೇರುಬಿಟ್ಟಿತು. ಶಿರಸಿಯ ಹಳ್ಳಿಗಳಲ್ಲಿ ಮಾತ್ರ ಅದಕ್ಕೆ ನೆಲೆ ದೊರೆಯಲಿಲ್ಲ. ಕಾರಣವು ಅಭಿರುಚಿಯದಲ್ಲ, ನೆಲದ್ದು. ಬುಟ್ಟಿಚೆಂಡಿಗೆ 28 ಮೀಟರು ಉದ್ದ, 15 ಮೀಟರು ಅಗಲದ ಗಟ್ಟಿಯಾದ ಸಮತಟ್ಟು ನೆಲ ಬೇಕು. ಚೆಂಡು ನೆಲಕ್ಕೆ ಬಡಿದು ಕೈಗೆ ಮರಳಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಕೆಮ್ಮಣ್ಣಿನ ಅಂಗಳಕ್ಕೆ ಬಡಿದ ಚೆಂಡು ಅಲ್ಲಿಯೇ ಕಚ್ಚಿಕೊಳ್ಳುತ್ತದೆಯಲ್ಲದೆ ಮೇಲಕ್ಕೇಳುವುದಿಲ್ಲ. ಸಿಮೆಂಟಿನ ಅಂಕಣವನ್ನು ಕಟ್ಟಿಸುವ ಹಣದಲ್ಲಿ ಹಳ್ಳಿಯ ಶಾಲೆಯು ಒಂದು ಕೋಣೆಯನ್ನೇ ಕಟ್ಟಿಸಿಕೊಳ್ಳಬಹುದು.

ಆದುದರಿಂದ ಇಲ್ಲಿಯ ಶಾಲೆಗಳು ನೆಲವು ಒಪ್ಪುವ ಆಟಗಳನ್ನು ಆರಿಸಿಕೊಂಡವು. ಹುತುತುವಿಗೆ ಗೆರೆಯೆಳೆದರೆ ಸಾಕು. ಖೋ-ಖೋ ಆಟಕ್ಕೆ ಎರಡು ಗೂಟ. ಚೆಂಡು ನೆಲವನ್ನು ಮುಟ್ಟಲೇಬಾರದಾದ ವಾಲಿಬಾಲಿಗೆ ಕೆಸರಿನ ಭಯವೇ ಇಲ್ಲ. ತೋಟದಲ್ಲಿ ಬಿದ್ದ ಎರಡು ಅಡಿಕೆಯ ಮರಗಳನ್ನು ತಂದು, ಬುಡವನ್ನು ಡಾಂಬರಿನಲ್ಲಿ ಅದ್ದಿ ನೆಟ್ಟು, ನಡುವೆ ಬಲೆಯನ್ನು ಬಿಗಿದರೆ ಅಂಕಣವು ಸಿದ್ಧ. ಆ ಕಂಬವು ಎರಡು ಮಳೆಗಾಲ ತಾಳಿದರೆ ಪುಣ್ಯ, ತಾಳದಿದ್ದರೆ ಅಡಿಕೆಯ ಸೀಮೆಯಲ್ಲಿ ಮತ್ತೊಂದು ಮರಕ್ಕೇನು ಬರ? ಹೆಣ್ಣುಮಕ್ಕಳಿಗೆ ಥ್ರೋಬಾಲ್ ಬಂದಿತು. ಬುಟ್ಟಿಚೆಂಡನ್ನಾಡುವ ಶಾಲೆಗಳು ವಿರಳವಾದುದರಿಂದ ಆ ಆಟಕ್ಕೆ ಕೆಳಗಿನ ಮೆಟ್ಟಿಲುಗಳೇ ಸಾಮಾನ್ಯವಾಗಿ ಇರುವುದಿಲ್ಲ. ತಂಡವಿದ್ದ ಶಾಲೆಯು ನೇರವಾಗಿ ತಾಲೂಕಿಗೋ ಜಿಲ್ಲೆಗೋ ಹೋಗುತ್ತದೆ. ಎದುರಾಳಿಯೇ ಇಲ್ಲದೆ ಮೇಲಕ್ಕೇರುವುದೂ ಉಂಟು. ಮೊದಲ ಪಂದ್ಯದಲ್ಲಿಯೇ ಸೋತು ಬಂದ ಖೋ-ಖೋ ತಂಡದ ಹುಡುಗನಿಗೆ ಇದನ್ನು ವಿವರಿಸುವುದು ಮಾಸ್ತರರಿಗೆ ಕಷ್ಟವೇ ಸರಿ.

ಅತ್ತ ಅಮೆರಿಕದ ಪ್ರೌಢಶಾಲೆಗಳ ಕಥೆಯನ್ನು ನೋಡಿದರೆ ನಮ್ಮ ಪದ್ಧತಿಯ ವೈಲಕ್ಷಣ್ಯವು ಇನ್ನಷ್ಟು ಸ್ಫುಟವಾಗುತ್ತದೆ. ಜೋಳದ ಹೊಲಗಳ ಸೀಮೆಯಾದ ಇಂಡಿಯಾನಾದಲ್ಲಿ 1911ರಲ್ಲಿ ಹನ್ನೆರಡು ಶಾಲೆಗಳು ಸೇರಿ ರಾಜ್ಯಮಟ್ಟದ ಮೊದಲ ಪಂದ್ಯಾವಳಿಯನ್ನು ಆಡಿದುವು, ಕ್ರಾಫೋರ್ಡ್ಸ್‌ವಿಲ್ ಗೆದ್ದಿತು. ಕಾಲು ಶತಮಾನ ಕಳೆಯುವಷ್ಟರಲ್ಲಿ ಅದೇ ಪಂದ್ಯಾವಳಿಗೆ 700ಕ್ಕೂ ಮಿಕ್ಕ ಶಾಲೆಗಳು ಬರತೊಡಗಿದುವು. ದೊಡ್ಡ ಶಾಲೆ, ಸಣ್ಣ ಶಾಲೆಗಳೆಂಬ ಭೇದವಿರಲಿಲ್ಲ. ಎಲ್ಲರಿಗೂ ಒಂದೇ ಪಂದ್ಯಾವಳಿ, ಅದೂ ಸೋತವನು ಮನೆಗೆ ಹೋಗುವ ಕ್ರಮದ್ದು. 1954ರಲ್ಲಿ ಕೇವಲ 161 ವಿದ್ಯಾರ್ಥಿಗಳಿದ್ದ ಮೈಲನ್ ಎಂಬ ಹಳ್ಳಿಯ ಶಾಲೆಯು, ಮನ್ಸಿ ಸೆಂಟ್ರಲ್ ಎಂಬ ನಗರದ ಘನವಾದ ಶಾಲೆಯನ್ನು ಅಂತಿಮ ಪಂದ್ಯದಲ್ಲಿ 32–30ರಿಂದ ಸೋಲಿಸಿದುದು ಆ ಸೀಮೆಯ ಪುರಾಣವೇ ಆಗಿಹೋಗಿದೆ. ಈ ಏಕರೂಪದ ಪಂದ್ಯಾವಳಿಯು 1997ರವರೆಗೆ ನಡೆದು, ಅನಂತರ ಶಾಲೆಗಳನ್ನು ಗಾತ್ರಕ್ಕನುಸಾರ ವಿಂಗಡಿಸಲಾಯಿತು. ಅಯೋವಾ ರಾಜ್ಯದಲ್ಲಂತೂ ಹಳ್ಳಿಯ ಹೆಣ್ಣುಮಕ್ಕಳು ತಂಡಕ್ಕೆ ಆರು ಜನರಂತೆ ಆಡುವ ಬುಟ್ಟಿಚೆಂಡಿಗೆ 1920ರಿಂದಲೇ ರಾಜ್ಯಮಟ್ಟದ ಪಂದ್ಯಾವಳಿ ಇದ್ದು, 1993ರವರೆಗೂ ಆ ಕ್ರಮ ಮುಂದುವರಿಯಿತು.

ಪಂದ್ಯಾವಳಿಗಳು ಎಷ್ಟಾದರೆ ಸಾಕು ಎಂಬ ವಾದವೂ ಅಲ್ಲಿ ಬೇಗನೆ ಹುಟ್ಟಿತು. ಶಿಕಾಗೋ ವಿಶ್ವವಿದ್ಯಾಲಯವು 1917ರಿಂದ ಇಡೀ ದೇಶದ ಪ್ರೌಢಶಾಲೆಗಳನ್ನು ಕರೆದು ರಾಷ್ಟ್ರೀಯ ಪಂದ್ಯಾವಳಿಯೊಂದನ್ನು ನಡೆಸುತ್ತಿತ್ತು. ದೂರದ ರಾಜ್ಯಗಳ ಹುಡುಗರು ರೈಲಿನಲ್ಲಿ ದಿನಗಟ್ಟಲೆ ಪಯಣಿಸಿ ಬರುವರು. ಈ ಪಯಣ, ಈ ಪ್ರಚಾರ, ಪಾಠಗಳ ಈ ಹಾನಿ ಬೆಳೆಯುವ ಬಾಲಕರಿಗೆ ಹಿತವಲ್ಲವೆಂದು ಮುಖ್ಯಾಧ್ಯಾಪಕರೂ ರಾಜ್ಯಗಳ ಶಾಲಾಕ್ರೀಡಾ ಸಂಘಗಳ ಒಕ್ಕೂಟವೂ ವಿರೋಧಿಸಲಾಗಿ, 1930ರೊಂದಿಗೆ ಅದು ನಿಂತುಹೋಯಿತು. ನಾವು ಹಳ್ಳಿಯಿಂದ ರಾಷ್ಟ್ರದವರೆಗೆ ಏಣಿಯನ್ನು ನಿಲ್ಲಿಸುವುದಕ್ಕೆ ಎರಡು ದಶಕಗಳ ಮೊದಲೇ ಅವರು ತಮ್ಮ ಏಣಿಯ ತುತ್ತತುದಿಯ ಮೆಟ್ಟಿಲನ್ನು ಕಿತ್ತುಹಾಕಿದರೆಂಬುದು ವಿಚಾರಾರ್ಹವಾಗಿದೆ. ಆದರೆ ಇದಕ್ಕಿಂತಲೂ ಮಹತ್ತ್ವದ ವ್ಯತ್ಯಾಸವೊಂದುಂಟು. ಅಲ್ಲಿಯ ಶಾಲೆಯು ಚಳಿಗಾಲವೆಲ್ಲ ನೆರೆಯ ಶಾಲೆಗಳೊಡನೆ, ಒಮ್ಮೆ ಇವರ ಅಂಕಣದಲ್ಲಿ, ಒಮ್ಮೆ ಅವರ ಅಂಕಣದಲ್ಲಿ, ಸುಮಾರು ಇಪ್ಪತ್ತು ಪಂದ್ಯಗಳನ್ನು ಆಡಿ ಮುಗಿಸಿದ ಮೇಲೆಯೇ ಪಂದ್ಯಾವಳಿಯು ಬರುತ್ತದೆ. ಮೊದಲ ಸುತ್ತಿನಲ್ಲಿಯೇ ಸೋತ ಹುಡುಗನೂ ಆ ವರ್ಷ ಹೊಟ್ಟೆತುಂಬ ಆಡಿರುತ್ತಾನೆ. ಅಲ್ಲಿ ಪಂದ್ಯಾವಳಿಯು ಋತುವಿನ ಕಳಶ; ಇಲ್ಲಿ ಪಂದ್ಯಾವಳಿಯೇ ಋತು.

ಗಣಿತವನ್ನು ಸ್ವಲ್ಪ ನೋಡೋಣ. ಹದಿನಾರು ಶಾಲೆಗಳು ಸೇರಿದ ಕೂಟದಲ್ಲಿ ಸೋತವರು ಹೊರಬೀಳುವ ಕ್ರಮದಿಂದ ಆಡಿಸಿದರೆ ಹದಿನೈದೇ ಪಂದ್ಯಗಳಲ್ಲಿ ವಿಜೇತರನ್ನು ಆರಿಸಬಹುದು. ಒಂದು ದಿನ ಸಾಕು. ಪ್ರತಿಯೊಬ್ಬರೂ ಪ್ರತಿಯೊಬ್ಬರೊಡನೆ ಆಡತಕ್ಕದ್ದೆಂದರೆ 120 ಪಂದ್ಯಗಳಾಗುತ್ತವೆ, ತಿಂಗಳು ಬೇಕು. ಇಲಾಖೆಯು ಹದಿನೈದನ್ನು ಆರಿಸಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಹದಿನೈದರ ಒಳಗೆ ಎಂಟು ಶಾಲೆಗಳ ಮಕ್ಕಳು ಒಂದೇ ಒಂದು ಪಂದ್ಯವನ್ನಾಡಿ ಹಿಂದಿರುಗುತ್ತಾರೆ. ನಾಲ್ಕು ಶಾಲೆಗಳವರು ಎರಡನ್ನು. ರಾಜ್ಯಮಟ್ಟದವರೆಗೆ ಏರಿದ ತಂಡವೊಂದು ಒಂದೊಂದು ಮೆಟ್ಟಿಲಿನಲ್ಲಿ ನಾಲ್ಕರಂತೆ ಇಪ್ಪತ್ತು ಪಂದ್ಯಗಳನ್ನು ಆಡಿರಬಹುದು. ಅದೇ ಬೆಳಗ್ಗೆ ಅದರೊಡನೆ ಕಣಕ್ಕಿಳಿದ ನೆರೆಯೂರಿನ ತಂಡವು ಒಂದನ್ನು. ಆಟವು ಯಾರಿಗೆ ಅಧಿಕವಾಗಿ ಬೇಕೋ ಅವರಿಗೆ ಅಲ್ಪವಾಗಿ ಲಭಿಸುವ ಈ ವ್ಯವಸ್ಥೆಯನ್ನು ಅನ್ಯಾಯವೆನ್ನಲು ನನಗೆ ಸಂಕೋಚವಿಲ್ಲ.

ಇನ್ನು ಕಾಲದ ವಿಚಾರ. ರಾಷ್ಟ್ರಮಟ್ಟದ ಶಾಲಾ ಪಂದ್ಯಗಳು ಮಳೆಗಾಲ ಕಳೆದ ಮೇಲೆ ನಡೆಯತಕ್ಕವು. ಅದಕ್ಕೆ ಮುಂಚೆ ರಾಜ್ಯಮಟ್ಟವು ಮುಗಿದಿರಬೇಕು. ಅದಕ್ಕೆ ಮುಂಚೆ ವಿಭಾಗ. ಅದಕ್ಕೆ ಮುಂಚೆ ಜಿಲ್ಲೆ, ತಾಲೂಕು. ಹೀಗೆ ಮೇಲಿನಿಂದ ಕೆಳಕ್ಕೆ ಎಣಿಸುತ್ತ ಬಂದರೆ ಕಟ್ಟಕಡೆಯ ಮೆಟ್ಟಿಲು ಬಂದು ಬೀಳುವುದು ಪುಷ್ಯ, ಆಶ್ಲೇಷಾ ಮಳೆಗಳ ನಡುವೆ. ಬಳ್ಳಾರಿಗೂ ಕೋಲಾರಕ್ಕೂ ಜುಲೈ, ಆಗಸ್ಟುಗಳು ಆಟಕ್ಕೆ ಒಪ್ಪುವ ತಿಂಗಳುಗಳೇ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರು ಸುರಿಯುವ ಮಳೆಯ ಬಹುಭಾಗವು ಬರುವುದು ಇದೇ ದಿನಗಳಲ್ಲಿ. ಎಕ್ಕಂಬಿ, ಮುಂಡಗೋಡುಗಳ ಕಡೆಗೆ ಹೋದಂತೆ ಅದು ಕಡಿಮೆಯಾಗುವುದಾದರೂ ಗದ್ದೆಯಲ್ಲಿ ನಾಟಿಯ ಕೆಲಸವು ಆಗಲೇ ಭರದಿಂದ ಸಾಗಿರುತ್ತದೆ. ಮಳೆ ನಿಂತ ಮೇಲೆ ಆಡೋಣವೆಂದರೆ, ಕಾರ್ತಿಕದಿಂದಾಚೆಗೆ ಅಡಿಕೆಯ ಕೊನೆಕೊಯ್ಲು. ರಾತ್ರಿ ಬಹಳ ಹೊತ್ತಿನವರೆಗೆ ಅಡಿಕೆ ಸುಲಿಯುವ ಮನೆಗಳಲ್ಲಿ ಮಕ್ಕಳ ಕೈಯೂ ಎಣಿಕೆಗೆ ಬರುತ್ತದೆ. ಅದಾದ ಮೇಲೆ ಪರೀಕ್ಷೆ.

ಕೂಟದ ಆ ಬೆಳಗ್ಗೆಯನ್ನು ಕಂಡವರು ಬಲ್ಲರು. ದೈಹಿಕ ಶಿಕ್ಷಕರು ಬೆಳಕು ಹರಿಯುವ ಮೊದಲೇ ಬಂದು ಸುಣ್ಣದ ಪುಡಿಯಲ್ಲಿ ಗೆರೆಯೆಳೆದಿರುತ್ತಾರೆ. ಒಂಬತ್ತರ ಸುಮಾರಿಗೆ ಬಂದ ಮಳೆಯು ಅದನ್ನು ಹಾಲಿನಂತೆ ಹರಿಸಿಬಿಡುತ್ತದೆ. ಸಾಮಿಲ್ಲಿನಿಂದ ಚೀಲಗಳಲ್ಲಿ ತಂದ ಮರದ ಹೊಟ್ಟನ್ನು ಅಂಕಣದ ಮೇಲೆ ಚೆಲ್ಲಿ, ಮತ್ತೆ ಗೆರೆಯೆಳೆದು, ಮತ್ತೆ ಸೀಟಿಯೂದುವರು. ಶಾಲೆಯ ಕಟ್ಟೆಯ ಮೇಲೆ ಒದ್ದೆಯಾದ ಅಂಗಿಗಳನ್ನು ಹಿಂಡುತ್ತ ಸಾಲಾಗಿ ನಿಂತ ಮಕ್ಕಳು; ಒಳಗೆ ಮೇಜಿನ ಮುಂದೆ, ಭಾವಚಿತ್ರವಂಟಿಸಿದ ಅರ್ಹತಾಪತ್ರಗಳನ್ನು ಒಂದೊಂದಾಗಿ ತಿರುವಿಹಾಕಿ ವಯಸ್ಸನ್ನು ಪರಿಶೀಲಿಸುವ ಮಾಸ್ತರರು. ಹಿಂದಿನ ದಿನ ಜಿಲ್ಲಾಧಿಕಾರಿಗಳು ಮಳೆಯ ರಜೆ ಘೋಷಿಸಿದ್ದರೆ, ಎರಡು ದಿನದ ಕೂಟವನ್ನು ಒಂದೇ ದಿನಕ್ಕೆ ಅಡಕಮಾಡಬೇಕಾಗುತ್ತದೆ. ಆಗ ಪಂದ್ಯದ ಅವಧಿಯನ್ನೇ ಮೊಟಕುಗೊಳಿಸುವರು. “ಮಾಸ್ತರೇ, ನಮ್ದು ಇನ್ನೊಂದು ಮ್ಯಾಚ್ ಇಲ್ಯಾ?” ಎಂದು ಸೋತ ತಂಡದ ಚಿಕ್ಕವನೊಬ್ಬ ಕೇಳಿದರೆ, “ಬರೋ ವರ್ಷ ಇದ್ದು ತಮಾ” ಎನ್ನುವುದಲ್ಲದೆ ಮಾಸ್ತರರು ತಾನೆ ಮತ್ತೇನು ಹೇಳಿಯಾರು?

ಮೆಟ್ಟಿಲುಗಳ ಸಂಖ್ಯೆ ಮಾತ್ರ ಏರುತ್ತಲೇ ಬಂದಿತು. ಉತ್ತರ ಕನ್ನಡವು ಒಂದೇ ಕಂದಾಯ ಜಿಲ್ಲೆಯಾಗಿದ್ದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಕಾರವಾರ, ಶಿರಸಿಗಳೆಂಬ ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ಒಡೆಯಿತು. ಘಟ್ಟದ ಮೇಲಣ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾಗಳದು ಒಂದು ಮೇಳ; ಕರಾವಳಿಯದು ಇನ್ನೊಂದು. ಘಟ್ಟವನ್ನು ಇಳಿಯದೆಯೇ ಜಿಲ್ಲಾಮಟ್ಟವನ್ನು ಆಡಿ ಮುಗಿಸಬಹುದಾದುದು ಮಕ್ಕಳ ದೃಷ್ಟಿಯಿಂದ ಉಪಕಾರವೇ. ಆದರೂ ಜೋಯಿಡಾದ ಕಾಡಿನಿಂದ ಶಿರಸಿಯ ಮಾರಿಕಾಂಬಾ ಕ್ರೀಡಾಂಗಣಕ್ಕೆ ಬರುವ ಮಕ್ಕಳಿಗೆ ನೂರು ಕಿಲೋಮೀಟರಿಗೂ ಮಿಕ್ಕ ಹಾದಿಯಿದೆ. ಸಿದ್ದಾಪುರದ ನೆಹರೂ ಮೈದಾನ, ಯಲ್ಲಾಪುರದ ಕಾಳಮ್ಮನಗರದ ಕ್ರೀಡಾಂಗಣಗಳು ತಮ್ಮ ತಮ್ಮ ತಾಲೂಕಿನ ಕೂಟಗಳಿಗೆ ಹೆಸರಾದುವು. ಇದರ ಮಗ್ಗುಲಲ್ಲಿಯೇ ಮೈಸೂರಿನ ನವರಾತ್ರಿಯ ವೈಭವದೊಡನೆ ಬೆಳೆದುಬಂದ ದಸರಾ ಕ್ರೀಡಾಕೂಟವು, ಬೇರೊಂದು ಇಲಾಖೆಯ ಆಶ್ರಯದಲ್ಲಿ, ತಾಲೂಕಿನಿಂದ ರಾಜ್ಯದವರೆಗೆ ತನ್ನದೇ ಆದ ಮತ್ತೊಂದು ಏಣಿಯನ್ನು ಊರಿತು. 2018ರಲ್ಲಿ ಕೇಂದ್ರ ಸರಕಾರವು ದೆಹಲಿಯಲ್ಲಿ ಖೇಲೋ ಇಂಡಿಯಾ ಶಾಲಾ ಕ್ರೀಡೆಗಳನ್ನು ಆರಂಭಿಸಿತು. ಮರುವರ್ಷವೇ ಅದು ಯುವ ಕ್ರೀಡೆಗಳೆಂದು ಹೆಸರನ್ನೂ ವ್ಯಾಪ್ತಿಯನ್ನೂ ಬದಲಿಸಿಕೊಂಡಿತು. ಗೆದ್ದವನಿಗೆ ಹೊಸ ಹೊಸ ಮೆಟ್ಟಿಲುಗಳು. ಆಗಸ್ಟಿನ ಆ ಬೆಳಗ್ಗೆ ಸೋತವನ ಲೆಕ್ಕವು ಇದ್ದಲ್ಲಿಯೇ ಇದೆ.

ಈ ಏಣಿಯು ಕಾಣಲಾರದ ಮಕ್ಕಳೂ ಇದ್ದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಶಿರಸಿ, ಅಂಕೋಲೆಗಳ ಅಡವಿಯ ಅಂಚಿನಲ್ಲಿ ತಲೆಮಾರುಗಳಿಂದ ವಾಸವಾಗಿರುವ, ಆಫ್ರಿಕದ ಮೂಲದ ಸಿದ್ದಿ ಜನಾಂಗದ ಮಕ್ಕಳನ್ನು 1980ರ ದಶಕದ ಉತ್ತರಾರ್ಧದಲ್ಲಿ, ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾಖಾತೆಯ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರವು ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಗೆ ಆರಿಸಿಕೊಂಡಿತು. ಅಧಿಕಾರಿಗಳೇ ಹಾಡಿಗಳಿಗೆ ಹೋಗಿ, ಮಕ್ಕಳನ್ನು ಓಡಿಸಿ, ಜಿಗಿಸಿ ನೋಡಿ ಆರಿಸಿದರಲ್ಲದೆ, ಯಾವ ಪಂದ್ಯಾವಳಿಯ ಫಲಿತಾಂಶವನ್ನೂ ಕಾದು ಕೂರಲಿಲ್ಲ. ಆ ಮಕ್ಕಳಲ್ಲಿ ಕೆಲವರು ರಾಷ್ಟ್ರಮಟ್ಟದ ಅಥ್ಲೆಟಿಕ್ಸಿನಲ್ಲಿ ಪದಕಗಳನ್ನು ಗೆದ್ದರು. ಯೋಜನೆಯು ಕೆಲವೇ ವರ್ಷಗಳಲ್ಲಿ ನಿಂತಾಗ, ತರಬೇತಿಯನ್ನು ಅರ್ಧಕ್ಕೆ ಬಿಟ್ಟು ಕಾಡಿಗೆ ಮರಳಿದವರ ಸಂಕಟವು ಬೇರೆಯೇ ಒಂದು ಕಥೆ. ಇಲ್ಲಿಯ ಮಾತಿಗೆ ಬೇಕಾದುದು ಇಷ್ಟು: ಮೂವತ್ತು ವರ್ಷಗಳ ಕಾಲ ನಿಯಮಬದ್ಧವಾಗಿ ನಡೆದ ಹೋಬಳಿ, ತಾಲೂಕು, ಜಿಲ್ಲೆಗಳ ಕೂಟಗಳು ಅರಿಯದೆ ಬಿಟ್ಟ ಶಕ್ತಿಯನ್ನು, ಕೂಟವಿಲ್ಲದೆ ಹುಡುಕಹೊರಟವರು ಕೆಲವೇ ತಿಂಗಳುಗಳಲ್ಲಿ ಕಂಡುಕೊಂಡರು.

ಶಾಲೆಯು ಕೊಡದ ಪಂದ್ಯಗಳನ್ನು ಊರು ಕೊಡುತ್ತದೆ. ಬತ್ತದ ಕೊಯ್ಲು ಮುಗಿದು, ಕೂಳೆ ಒಣಗಿ, ಗದ್ದೆಯ ನೆಲವು ಬಿರುಸಾದ ಮೇಲೆ, ಮಾಘದಿಂದ ವೈಶಾಖದವರೆಗೆ ಈ ಸೀಮೆಯ ಊರೂರಿನಲ್ಲಿಯೂ ಯುವಕ ಸಂಘಗಳ ‘ಹೊನಲು-ಬೆಳಕಿನ’ ಪಂದ್ಯಾವಳಿಗಳು ನಡೆಯುತ್ತವೆ. ಕಂಬಗಳಿಗೆ ದೀಪ ಕಟ್ಟಿ, ಧ್ವನಿವರ್ಧಕದಲ್ಲಿ ತಂಡಗಳ ಹೆಸರನ್ನು ಕೂಗಿ, ವಾಲಿಬಾಲನ್ನೋ ಕಬಡ್ಡಿಯನ್ನೋ ಬೆಳಗಿನ ಜಾವದವರೆಗೆ ಆಡಿಸುವರು. ಪ್ರವೇಶಶುಲ್ಕದ ಹಣವೂ ಊರಿನ ಅಂಗಡಿಯವರ ಉದಾರ ದೇಣಿಗೆಯೂ ಸೇರಿ ಬಹುಮಾನವಾಗುತ್ತದೆ. ಅಲ್ಲಿ ಅರ್ಹತಾಪತ್ರವಿಲ್ಲ, ವಯೋಮಿತಿಯಿಲ್ಲ, ಹೋಬಳಿಯ ಗಡಿಯಿಲ್ಲ. ಒಂಬತ್ತನೆಯ ಇಯತ್ತೆಯ ಹುಡುಗನು ದೊಡ್ಡವರ ತಂಡದಲ್ಲಿ ಹೆಚ್ಚುವರಿಯಾಗಿ ಸೇರಿಕೊಂಡು, ಈ ವಾರ ತನ್ನೂರಿನಲ್ಲಿ, ಮುಂದಿನ ವಾರ ನೆರೆಯೂರಿನಲ್ಲಿ, ಯಾರದೋ ಬೈಕಿನ ಹಿಂದೆ ಕುಳಿತು ಮತ್ತೊಂದು ತಾಲೂಕಿನಲ್ಲಿ ಆಡಿ ಬರುತ್ತಾನೆ. ಪರೀಕ್ಷೆಯ ಹೊಸ್ತಿಲಲ್ಲಿ ಮಗನು ರಾತ್ರಿಯೆಲ್ಲ ಮನೆಯಲ್ಲಿಲ್ಲವೆಂದು ತಾಯಂದಿರು ಗೊಣಗುವುದು ನ್ಯಾಯವೇ. ಮಾಸ್ತರರು ಮಾತ್ರ ಕಂಡೂ ಕಾಣದಂತಿರುತ್ತಾರೆ. ಬರುವ ಜುಲೈಯಲ್ಲಿ ಶಾಲೆಯ ತಂಡವನ್ನು ಆರಿಸುವಾಗ, ಹೊಡೆತದ ಸಮಯವನ್ನೂ ಕಾಲಿಡುವ ಜಾಗವನ್ನೂ ಬಲ್ಲ ಹುಡುಗರು ಎಲ್ಲಿ ಕಲಿತು ಬಂದಿರುತ್ತಾರೆಂಬುದು ಅವರಿಗೆ ಚೆನ್ನಾಗಿ ಗೊತ್ತು.